ರಂಗವೇರದ ಕಾರ್ಮೆನ್
(ಉಪನ್ಯಾಸವೊಂದರ ಬರಹರೂಪ)

ಒಂದು ಪಾತ್ರವನ್ನು ಜೀವಮಾನದಲ್ಲಿ ಒಮ್ಮೆಯೂ ರಂಗದ ಮೇಲೆ ಆಡದ ಕಲಾವಿದೆ, ಆ ಪಾತ್ರದ ಹೆಸರು ಹೇಳಿದೊಡನೆ ನೆನಪಿಗೆ ಬರುತ್ತಾರೆ ಎಂದರೆ ನಂಬುವುದು ಕಷ್ಟ. ಆದರೆ ಪಾಶ್ಚಾತ್ಯ ಸಂಗೀತ ಪ್ರಪಂಚದಲ್ಲಿ ಹಾಗಾಗಿದೆ. ಕಳೆದ ಶತಮಾನದ ಅತ್ಯಂತ ಪ್ರಸಿದ್ಧ ಆಪೆರಾ ಗಾಯಕಿ ಮರಿಯಾ ಕಲ್ಲಾಸ್ 1964ರ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನ ಸಾಲ್ ವಾಗ್ರಾಂ ಎಂಬ ಹಳೆಯ ನೃತ್ಯಶಾಲೆಯಲ್ಲಿ ಮೈಕ್ರೊಫೋನುಗಳ ಮುಂದೆ ನಿಂತು ‘ಕಾರ್ಮೆನ್’ ಹಾಡಿದರು. ಇಎಂಐ ಕಂಪನಿ ಅದನ್ನು ಧ್ವನಿಮುದ್ರಿಸಿಕೊಂಡಿತು. ಪೂರ್ಣ ಪಾತ್ರವನ್ನು ಅವರು ಯಾವ ರಂಗಮಂದಿರದಲ್ಲೂ ಹಾಡಲಿಲ್ಲ. ಇಂದು ಆ ಕಾರ್ಮೆನ್ ಉಳಿದಿರುವುದು ತಟ್ಟೆಗಳಲ್ಲಿ ಮಾತ್ರ.

ಇಂಥ ಧ್ವನಿಮುದ್ರಣಕ್ಕೆ ಬೆಲೆ ಕಟ್ಟುವುದು ಹೇಗೆ? ನಾಟಕವನ್ನು ಕಣ್ಣಿಲ್ಲದೆ ನೋಡಬಹುದೆ? ಪ್ರೇಕ್ಷಕರೇ ಇಲ್ಲದ ಕೋಣೆಯಲ್ಲಿ, ಬೇಡವಾದದ್ದನ್ನು ಅಳಿಸಿ, ಮತ್ತೆ ಹಾಡಿ, ಟೇಪು ಕತ್ತರಿಸಿ ಜೋಡಿಸಿ ಮಾಡಿದ್ದನ್ನು ಅಭಿನಯ ಎನ್ನಬಹುದೆ? ಈ ಪ್ರಶ್ನೆಗಳು ಒಂದು ಆಪೆರಾಕ್ಕಷ್ಟೇ ಸೇರಿದವಲ್ಲ. ಹಾಡನ್ನು ಕಛೇರಿಗಿಂತ ಹೆಚ್ಚಾಗಿ ತಟ್ಟೆ, ಕ್ಯಾಸೆಟ್ಟು, ಸಿಡಿಗಳ ಮೂಲಕವೇ ಕೇಳಿ ಬೆಳೆದ ಎಲ್ಲರಿಗೂ ಸಂಬಂಧಿಸಿದವು.

ಕೃತಿ ಮತ್ತು ಅದರ ಹಣೆಬರಹ

ಮೊದಲು ಕೃತಿಯ ಪರಿಚಯ. ಪ್ರಾಸ್ಪೆರ್ ಮೆರಿಮೆ 1845ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯನ್ನು ಆಧರಿಸಿ ಮೆಯಾಕ್ ಮತ್ತು ಅಲೆವಿ ಎಂಬ ಇಬ್ಬರು ರಂಗಸಾಹಿತ್ಯ ಬರೆದರು. ಸಂಗೀತ ಜಾರ್ಜ್ ಬಿಜೆ ಅವರದು. ಸ್ಪೇನಿನ ಸೆವಿಲ್ ನಗರದ ಸಿಗರೇಟು ಕಾರ್ಖಾನೆಯಲ್ಲಿ ದುಡಿಯುವ ಜಿಪ್ಸಿ ಹೆಣ್ಣು ಕಾರ್ಮೆನ್. ಅವಳನ್ನು ಬಂಧಿಸಿ ಒಯ್ಯಬೇಕಾದ ಸೈನಿಕ ಡಾನ್ ಜೋಸೆ ಅವಳಿಗೆ ಮರುಳಾಗಿ ಬಿಟ್ಟುಬಿಡುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಕಳ್ಳಸಾಗಣೆಯವರ ಗುಂಪು ಸೇರುತ್ತಾನೆ. ಅವಳ ಮನಸ್ಸು ಗೂಳಿಕಾಳಗದ ವೀರ ಎಸ್ಕಮಿಯೊನತ್ತ ತಿರುಗುತ್ತದೆ. ಕೊನೆಗೆ ಕಾಳಗದ ಅಖಾಡದ ಹೊರಗೆ ಜೋಸೆ ಅವಳನ್ನು ಇರಿದು ಕೊಲ್ಲುತ್ತಾನೆ.

1875ರ ಮಾರ್ಚ್ 3ರಂದು ಪ್ಯಾರಿಸ್ಸಿನ ಆಪೆರಾ ಕಾಮಿಕ್ ರಂಗಮಂದಿರದಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಅದು ಮನೆಮಂದಿಯೆಲ್ಲ ಬರುವ, ಮದುವೆ ಸಂಬಂಧದ ಮಾತುಕತೆಗೂ ಕುಟುಂಬಗಳು ಸೇರುತ್ತಿದ್ದ ಮರ್ಯಾದಸ್ಥರ ರಂಗಮಂದಿರ. ಅಲ್ಲಿ ಹೆಂಗಸರು ಸಿಗರೇಟು ಸೇದುತ್ತ ಬರುವುದು, ನಾಯಕಿ ಪ್ರೇಕ್ಷಕರ ಕಣ್ಣೆದುರಿಗೇ ಕೊಲೆಯಾಗುವುದು ಅನೇಕರಿಗೆ ಅಸಹ್ಯವೆನಿಸಿತು. ಪತ್ರಿಕೆಗಳು ಕೃತಿಯನ್ನು ನೀತಿಗೆಟ್ಟದ್ದೆಂದು ಜರೆದವು. ಬಿಜೆ ಸರಿಯಾಗಿ ಮೂರು ತಿಂಗಳಿಗೆ, ಜೂನ್ 3ರಂದು, 36ನೆಯ ವಯಸ್ಸಿನಲ್ಲೇ ತೀರಿಕೊಂಡರು. ಮುಂದೆ ಜಗತ್ತಿನಲ್ಲಿ ಅತಿ ಹೆಚ್ಚು ಬಾರಿ ಆಡಲಾಗುವ ಆಪೆರಾಗಳಲ್ಲಿ ಅದೊಂದಾದೀತು ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಯಾವ ಪಾಠ?

ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರಿಗೆ ಪಾಠಾಂತರದ ಕಷ್ಟ ಗೊತ್ತು. ‘ಕಾರ್ಮೆನ್’ ಕೂಡ ಅಂಥದೇ ಪಾಠಾಂತರಗಳ ಕೃತಿ. ಆದ್ದರಿಂದ ಯಾವುದೇ ಧ್ವನಿಮುದ್ರಣವನ್ನು ತೂಗುವಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಗಾಯಕಿ ಹೇಗೆ ಹಾಡಿದ್ದಾರೆ’ ಎಂಬುದಲ್ಲ. ‘ಯಾವ ಪಾಠವನ್ನು ಹಾಡಿದ್ದಾರೆ’ ಎಂಬುದು.

ಬಿಜೆ ಬರೆದ ಮೂಲರೂಪದಲ್ಲಿ ಹಾಡುಗಳ ನಡುವೆ ಮಾತು ಇತ್ತು; ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆಗಳ ನಡುವೆ ಗದ್ಯ ಸಂಭಾಷಣೆ ಇರುವ ಹಾಗೆ. ಅವರು ಸತ್ತ ಕೆಲವೇ ತಿಂಗಳಲ್ಲಿ, 1875ರ ಅಕ್ಟೋಬರಿನಲ್ಲಿ, ವಿಯೆನ್ನಾ ನಗರದ ಪ್ರದರ್ಶನಕ್ಕಾಗಿ ಗೆಳೆಯ ಅರ್ನೆಸ್ಟ್ ಗಿರೋ ಆ ಮಾತುಗಳನ್ನು ಮೊಟಕುಗೊಳಿಸಿ, ರಾಗವಾಗಿ ಹೇಳುವ ಸಂಭಾಷಣೆಯಾಗಿ ಮಾರ್ಪಡಿಸಿದರು. ಹೊರದೇಶಗಳಲ್ಲಿ ಕೃತಿ ಗೆದ್ದದ್ದು ಈ ರೂಪದಲ್ಲಿ. ಕಲ್ಲಾಸ್ ಅವರ ಧ್ವನಿಮುದ್ರಣವೂ ಗಿರೋ ಪಾಠವನ್ನೇ ಅನುಸರಿಸುತ್ತದೆ.

ಇದರಿಂದ ಆದ ನಷ್ಟಕ್ಕೆ ಒಂದು ಉದಾಹರಣೆ ನೋಡಿ. ಮೂಲದ ಮಾತಿನಲ್ಲಿ ಜೋಸೆ ತನ್ನ ಪೂರ್ವಕಥೆಯನ್ನು ಮೇಲಧಿಕಾರಿಗೆ ಹೇಳುತ್ತಾನೆ. ಮನೆಯವರು ಅವನನ್ನು ಪಾದ್ರಿ ಮಾಡಬೇಕೆಂದಿದ್ದರು. ಅವನಿಗೆ ಚೆಂಡಾಟದ ಹುಚ್ಚು. ಆಟದಲ್ಲಿ ಗೆದ್ದ ಒಂದು ದಿನ ಜಗಳವಾಯಿತು, ಜಗಳದಲ್ಲೂ ಅವನದೇ ಮೇಲುಗೈ, ಅದರ ಫಲವಾಗಿ ಊರು ಬಿಡಬೇಕಾಯಿತು. ಅಂದರೆ ಕಾರ್ಮೆನ್‌ಳನ್ನು ಕಾಣುವ ಮೊದಲೇ ಅವನ ರಕ್ತದಲ್ಲಿ ಹಿಂಸೆ ಇತ್ತು. ಗಿರೋ ಪಾಠದಲ್ಲಿ ಈ ಮಾತುಗಳಿಲ್ಲ. ಹೀಗಾಗಿ ಜೋಸೆ ತಾಯಿಯನ್ನು ನೆನೆದು ಕಣ್ಣೀರಿಡುವ ಸಾಧು ಹುಡುಗನಾಗಿಯೂ, ಅವನನ್ನು ಕೆಡಿಸಿದವಳಾಗಿ ಕಾರ್ಮೆನ್ ಮಾತ್ರವೂ ಕಾಣುತ್ತಾರೆ. ಕೆಲವು ಮಾತು ಕತ್ತರಿಸಿದ್ದರಿಂದ ಅಪರಾಧದ ಭಾರ ಕೊಂದವನಿಂದ ಕೊಲೆಯಾದವಳ ಹೆಗಲಿಗೆ ಜಾರಿತು. ಸಂಗೀತ ವಿದ್ವಾಂಸರ ಒಣ ತರ್ಕದಂತೆ ತೋರುವ ಪಾಠಾಂತರದ ಚರ್ಚೆಯಲ್ಲಿ ಇಷ್ಟು ದೊಡ್ಡ ವಿಷಯ ಅಡಗಿದೆ.

ಕಲ್ಲಾಸ್ ಹಾಡಿದ 1964ರಲ್ಲೇ ಫ್ರಿಟ್ಸ್ ಓಸರ್ ಎಂಬ ಜರ್ಮನ್ ವಿದ್ವಾಂಸರು ಮಾತುಗಳನ್ನು ಮರಳಿ ಸೇರಿಸಿದ ಹೊಸ ಪರಿಷ್ಕರಣವನ್ನು ಪ್ರಕಟಿಸಿದರು. ಅದೂ ನಿರ್ದೋಷವಲ್ಲ. ಬಿಜೆ ತಾವೇ ತಾಲೀಮಿನಲ್ಲಿ ಕಿತ್ತುಹಾಕಿದ ಭಾಗಗಳನ್ನೂ ಓಸರ್ ತಂದು ಸೇರಿಸಿದ್ದಾರೆಂದು ಇಂಗ್ಲೆಂಡಿನ ವಿಂಟನ್ ಡೀನ್ ಕಟುವಾಗಿ ಟೀಕಿಸಿದರು. ಆದರೂ 1972ರಲ್ಲಿ ಲೆನರ್ಡ್ ಬರ್ನ್‌ಸ್ಟೀನ್, 1975ರಲ್ಲಿ ಗಿಯಾರ್ಗ್ ಶೋಲ್ಟಿ, 1977ರಲ್ಲಿ ಕ್ಲಾಡಿಯೊ ಅಬ್ಬಾಡೊ ಮಾತಿನ ರೂಪವನ್ನೇ ಧ್ವನಿಮುದ್ರಿಸಿದರು. ಈ ದೃಷ್ಟಿಯಿಂದ ಕಲ್ಲಾಸ್ ತಟ್ಟೆ ಹಿಂದೆ ಬೀಳುತ್ತದೆ. ಅಂದಿನ ವಾಡಿಕೆ ಅದಾಗಿತ್ತು ಎಂದು ಸಮಾಧಾನ ಹೇಳಬಹುದು. ಆದರೆ 1950ರಷ್ಟು ಹಿಂದೆಯೇ ಆಂದ್ರೆ ಕ್ಲುಯಿಟನ್ಸ್ ಆಪೆರಾ ಕಾಮಿಕ್ ತಂಡದೊಂದಿಗೆ ಮಾತು ಉಳಿಸಿಕೊಂಡು ಧ್ವನಿಮುದ್ರಿಸಿದ್ದರು ಎಂಬುದನ್ನು ಮರೆಯಲಾಗದು.

ಸ್ಟುಡಿಯೋ ಎಂಬ ರಂಗ

ಎರಡನೆಯ ಪ್ರಶ್ನೆ ಸ್ಟುಡಿಯೋಗೆ ಸಂಬಂಧಿಸಿದ್ದು. ‘ಕಾರ್ಮೆನ್’ ಇಡಿಯಾಗಿ ತಟ್ಟೆಗೆ ಬಂದದ್ದು ಬಹಳ ಬೇಗ. 1908ರಲ್ಲಿ ಎಮ್ಮಿ ಡೆಸ್ಟಿನ್ ಜರ್ಮನ್ ಭಾಷೆಯಲ್ಲಿ ಅದನ್ನು ಹಾಡಿದರು. ಆಗ ಮೈಕ್ರೊಫೋನೇ ಇರಲಿಲ್ಲ. ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ನಾಲ್ಕು ನಿಮಿಷ. ತಪ್ಪಿದರೆ ಮೊದಲಿನಿಂದ ಪ್ರಾರಂಭ. ಎರಡನೆಯ ಮಹಾಯುದ್ಧದ ನಂತರ ಕಾಂತೀಯ ಟೇಪು ಮತ್ತು 1948ರಲ್ಲಿ ಎಲ್‌ಪಿ ತಟ್ಟೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದು ದೃಶ್ಯವನ್ನು ಹಲವು ಸಲ ಹಾಡಿ ಒಳ್ಳೆಯ ತುಣುಕುಗಳನ್ನು ಜೋಡಿಸುವುದು ಸಾಧ್ಯವಾಯಿತು.

ಈ ಹೊಸ ಕಲೆಗೆ ರೂಪ ಕೊಟ್ಟವರಲ್ಲಿ ಒಬ್ಬರು ಇಎಂಐ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್. ಸಭಾಂಗಣದಲ್ಲಿ ನಡೆದದ್ದನ್ನು ಹಿಡಿದಿಡುವುದಷ್ಟೇ ತಟ್ಟೆಯ ಕೆಲಸವಲ್ಲ, ಸಭಾಂಗಣದಲ್ಲಿ ಎಂದೂ ಸಿಗದಷ್ಟು ಪರಿಪೂರ್ಣವಾದುದನ್ನು ಅದು ಕೊಡಬೇಕು ಎಂಬುದು ಅವರ ನಿಲುವು. ಧ್ವನಿಮುದ್ರಣವನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು 1945ರಲ್ಲಿ ಲಂಡನ್ನಿನಲ್ಲಿ ಫಿಲಾರ್ಮೋನಿಯ ವಾದ್ಯವೃಂದವನ್ನು ಕಟ್ಟಿದವರೂ ಅವರೇ. 1950ರ ದಶಕದಲ್ಲಿ ಕಲ್ಲಾಸ್ ಅವರ ಪ್ರಸಿದ್ಧ ತಟ್ಟೆಗಳು ಹೊರಬಂದದ್ದು ಅವರ ಉಸ್ತುವಾರಿಯಲ್ಲಿ.

ಈ ಕಥೆಗೆ ಮೈಸೂರಿನ ನಂಟೂ ಇದೆ. ಫಿಲಾರ್ಮೋನಿಯದ ಆರಂಭದ ವರ್ಷಗಳಲ್ಲಿ ಧನಸಹಾಯ ನೀಡಿ ನಿಂತವರು ಮಹಾರಾಜ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಆ ವಾಗ್ಗೇಯಕಾರರು ಪಾಶ್ಚಾತ್ಯ ಸಂಗೀತದಲ್ಲೂ ನುರಿತವರಾಗಿದ್ದರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸುವ ವೆಚ್ಚವನ್ನು ಅವರು ವಹಿಸಿಕೊಂಡರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದಾಗಲೂ ಮಹಾರಾಜರ ಬೆಂಬಲವಿತ್ತು. ತಮ್ಮ ಸಂಗ್ರಹಕ್ಕೆ ಅದರ ಮುದ್ರಣ ಬೇಕೆಂದು ಅವರು ಬಯಸಿದ್ದರು.

ಆ ಸಂಜೆಯ ಮುದ್ರಣ ಉಳಿದಿದೆ. ಸದ್ದುಗದ್ದಲ ತುಂಬಿ ಸವೆದುಹೋದದ್ದು, ಆದರೂ ಅಮೂಲ್ಯ. ಅದೇ ಗೀತೆಗಳ ನಿರ್ಮಲವಾದ ಸ್ಟುಡಿಯೋ ತಟ್ಟೆಗಳು ಬೇಕಾದಷ್ಟು ಬಂದಿವೆ. ಒಂದು ಇತಿಹಾಸದ ಸಾಕ್ಷಿ, ಇನ್ನೊಂದು ಕುಶಲಕರ್ಮಿಗಳು ಕಟ್ಟಿದ ಕೃತಿ. ಒಂದನ್ನು ಅಳೆಯುವ ಕೋಲಿನಿಂದ ಇನ್ನೊಂದನ್ನು ಅಳೆದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಸಾಕ್ಷಿಯಲ್ಲಿ ಅಪಸ್ವರವನ್ನು ಕ್ಷಮಿಸಬಹುದು. ಕಟ್ಟಿದ್ದರಲ್ಲಿ ಅಪಸ್ವರ ಉಳಿದಿದ್ದರೆ ‘ಯಾಕೆ ಉಳಿಸಿದರು’ ಎಂದು ಕೇಳಬೇಕಾಗುತ್ತದೆ.

ಸ್ಟುಡಿಯೋ ‘ಕಾರ್ಮೆನ್’ನ ಕಟ್ಟೋಣವನ್ನು ಪರೀಕ್ಷಿಸಲು ಎರಡನೆಯ ಅಂಕದ ಎರಡು ಜಾಗಗಳು ಸಾಕು. ಸೆರೆವಾಸ ಮುಗಿಸಿದ ಜೋಸೆ ದೂರದಿಂದ ಹಾಡುತ್ತ ಬರುತ್ತಾನೆ. ಹಿಮ್ಮೇಳವಿಲ್ಲ, ಬರಿಯ ಕಂಠ. ಅವನು ಹತ್ತಿರವಾಗುವುದು ಕಿವಿಗೆ ಕಾಣಬೇಕು. ಯಂತ್ರದಲ್ಲಿ ಸದ್ದನ್ನು ಏರಿಸಿದರೆ ಅದು ನಡೆದು ಬಂದ ಹಾಗಿರುವುದಿಲ್ಲ, ರೇಡಿಯೊ ತಿರುಗಿಸಿದ ಹಾಗಿರುತ್ತದೆ. ಆಮೇಲೆ ಕಾರ್ಮೆನ್ ಚಿಟಿಕೆ ತಾಳದೊಡನೆ ಅವನಿಗಾಗಿ ಹಾಡಿ ಕುಣಿಯುತ್ತಿರುವಾಗ, ಸೈನಿಕರನ್ನು ಠಾಣೆಗೆ ಕರೆಯುವ ಕಹಳೆ ದೂರದಲ್ಲಿ ಮೊಳಗುತ್ತದೆ. ಹಾಡು ಮತ್ತು ಕಹಳೆ ಒಂದರ ಮೇಲೊಂದು ಸಾಗುತ್ತವೆ. ಪ್ರೀತಿಗೂ ಕರ್ತವ್ಯಕ್ಕೂ ನಡುವೆ ಜೋಸೆ ಸಿಕ್ಕಿಬೀಳುವುದು ಇಲ್ಲಿಯೇ. ಕಹಳೆ ತೀರ ಹತ್ತಿರವಾದರೆ ಕಾರ್ಮೆನ್ ಮುಳುಗುತ್ತಾಳೆ, ತೀರ ದೂರವಾದರೆ ಜೋಸೆಯ ಚಡಪಡಿಕೆಗೆ ಅರ್ಥ ಉಳಿಯುವುದಿಲ್ಲ.

ಶಾರೀರದ ವಿಚಾರ

ಈಗ ಗಾಯಕಿಯ ಕಡೆಗೆ. 1964ರಲ್ಲಿ ಕಲ್ಲಾಸ್ ಅವರಿಗೆ 40 ವರ್ಷ. ಆ ವೇಳೆಗಾಗಲೇ ಅವರ ತಾರಸ್ಥಾಯಿ ಹದಗೆಟ್ಟಿತ್ತು. ಮೇಲಿನ ಸ್ವರಗಳನ್ನು ಗಟ್ಟಿಯಾಗಿ ಹಿಡಿದಾಗ ಕಂಠ ಓಲಾಡುತ್ತಿತ್ತು. ಮರುವರ್ಷ, 1965ರ ಜುಲೈ 5ರಂದು, ಲಂಡನ್ನಿನಲ್ಲಿ ‘ಟೋಸ್ಕಾ’ ಹಾಡಿದ್ದೇ ಆಪೆರಾ ರಂಗದ ಮೇಲೆ ಅವರ ಕೊನೆಯ ದಿನ. ಇಳಿಗಾಲದ ಕಲಾವಿದೆಗೆ ‘ಕಾರ್ಮೆನ್’ ಹೊಂದುವುದಕ್ಕೆ ಒಂದು ಸರಳ ಕಾರಣವಿತ್ತು. ಅದು ಮೆಝೊ ಸೊಪ್ರಾನೊ ಪಾತ್ರ. ಹೆಚ್ಚಿನ ಭಾಗ ಮಂದ್ರ ಮತ್ತು ಮಧ್ಯ ಸ್ಥಾಯಿಗಳಲ್ಲೇ ಓಡಾಡುತ್ತದೆ. ಅಲ್ಲಿ ಅವರ ಶಾರೀರ ಇನ್ನೂ ಗಟ್ಟಿಯಾಗಿತ್ತು, ಬಣ್ಣವೂ ಕಪ್ಪೇರಿತ್ತು.

ಹಾಗೆಂದು ಈ ತಟ್ಟೆಯನ್ನು ಅನುಕೂಲಶಾಸ್ತ್ರವೆಂದು ತಳ್ಳಿಹಾಕುವಂತಿಲ್ಲ. 1961ರಲ್ಲಿ ಇದೇ ನಿರ್ದೇಶಕ ಜಾರ್ಜ್ ಪ್ರೆತ್ರ್ ಅವರೊಂದಿಗೆ ಫ್ರೆಂಚ್ ಗೀತೆಗಳ ತಟ್ಟೆ ಮಾಡುವಾಗಲೇ ಅವರು ಕಾರ್ಮೆನ್‌ಳ ‘ಹಾಬನೆರಾ’ ಹಾಡಿದ್ದರು. ಪಾತ್ರ ಮನಸ್ಸಿನಲ್ಲಿ ಊರಲು ಸಮಯ ಸಿಕ್ಕಿತ್ತು. ಪೂರ್ಣ ತಟ್ಟೆಯಲ್ಲಿ ಆ ಹಾಡನ್ನು ಕೇಳಿ: ಒನಪು ಬಯ್ಯಾರಗಳ ಅಬ್ಬರವಿಲ್ಲ. ಪ್ರತಿ ಮಾತನ್ನೂ ಬಿಡಿಸಿ, ಸ್ವಲ್ಪ ತಡೆದು, ಎದುರಿಗಿರುವವರನ್ನು ಅಳೆಯುತ್ತ ಹಾಡುತ್ತಾರೆ. ಮರುಳು ಮಾಡಲು ಪ್ರಯತ್ನಪಡುವವಳಲ್ಲ ಈಕೆ. ಮರುಳಾಗುವುದು ನಿಮ್ಮ ಪಾಡು ಎಂದು ಬಿಟ್ಟುಬಿಡುವವಳು.

ತೂಕ ತಿಳಿಯುವುದು ಮೂರನೆಯ ಅಂಕದಲ್ಲಿ. ಬೆಟ್ಟದ ನಡುವೆ, ಇರುಳಿನಲ್ಲಿ, ಇಬ್ಬರು ಗೆಳತಿಯರು ಇಸ್ಪೀಟು ಎಲೆ ಹರಡಿ ಭವಿಷ್ಯ ನೋಡುತ್ತಾರೆ. ಒಬ್ಬಳಿಗೆ ಪ್ರೇಮ, ಇನ್ನೊಬ್ಬಳಿಗೆ ಹಣವಂತ ಮುದುಕ. ಕಾರ್ಮೆನ್ ಎಲೆ ತಿರುಗಿಸುತ್ತಾಳೆ: ಸಾವು. ಮತ್ತೆ ತಿರುಗಿಸುತ್ತಾಳೆ: ಮತ್ತೆ ಅದೇ. ಮೊದಲು ತಾನು, ಆಮೇಲೆ ಅವನು. ಇಲ್ಲಿ ಬಿಜೆ ಬರೆದ ಗತಿ ನಿಧಾನ, ಸಮ. ಅನೇಕ ಗಾಯಕಿಯರು ಇಲ್ಲಿ ಬಿಕ್ಕುತ್ತಾರೆ, ಇಲ್ಲವೆ ಕಂಠವನ್ನು ಎದೆಗಿಳಿಸಿ ಹೆದರಿಸುತ್ತಾರೆ. ಕಲ್ಲಾಸ್ ಎರಡನ್ನೂ ಮಾಡುವುದಿಲ್ಲ. ಸ್ವರದಿಂದ ಸ್ವರಕ್ಕೆ ಎಳೆ ಕಡಿಯದೆ, ಲೆಕ್ಕ ಓದಿ ಹೇಳುವವರ ಹಾಗೆ ಮುಂದುವರಿಯುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ಇವಳು ಓಡಿಹೋಗುವುದಿಲ್ಲ ಎಂಬುದು ಕೇಳುಗನಿಗೆ ಮನವರಿಕೆಯಾಗಿರುತ್ತದೆ. ಕೊನೆಯ ಅಂಕದಲ್ಲಿ, ಜೋಸೆ ಕಾದು ನಿಂತಿದ್ದಾನೆಂದು ಗೆಳತಿಯರು ಎಚ್ಚರಿಸಿದರೂ ಅವಳು ಅಲ್ಲೇ ನಿಲ್ಲುವುದಕ್ಕೆ ಕಾರಣವನ್ನು ಈ ತಟ್ಟೆ ಮೂರನೆಯ ಅಂಕದಲ್ಲೇ ಒದಗಿಸಿಬಿಡುತ್ತದೆ. ರಂಗದ ಮೇಲಾದರೆ ಮುಖ, ಕಣ್ಣು, ಬೆಳಕು ನೆರವಿಗೆ ಬರುತ್ತವೆ. ಇಲ್ಲಿ ಎಲ್ಲವನ್ನೂ ಕಂಠವೊಂದೇ ಮಾಡಬೇಕು, ಮಾಡಿದೆ.

ದೋಷಗಳೂ ಇವೆ. ಈ ಕಾರ್ಮೆನ್ ಮೊದಲಿನಿಂದಲೂ ಗಂಭೀರೆ. ಮೊದಲ ಎರಡು ಅಂಕಗಳಲ್ಲಿ ಬಿಜೆ ಧಾರಾಳವಾಗಿ ಸುರಿದಿರುವ ನಗು, ಲಘುತ್ವ, ಚೇಷ್ಟೆ ಸಾಕಷ್ಟು ಸಿಗುವುದಿಲ್ಲ. ಥಾಮಸ್ ಬೀಚಮ್ 1958 ಮತ್ತು 1959ರಲ್ಲಿ ಧ್ವನಿಮುದ್ರಿಸಿದ ‘ಕಾರ್ಮೆನ್’ನಲ್ಲಿ ವಿಕ್ಟೋರಿಯ ದೆ ಲೊಸ್ ಏಂಜಲೆಸ್ ಹಾಡಿದ್ದನ್ನು ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಆಕೆಯ ಕಾರ್ಮೆನ್ ನಕ್ಕು ಗೆಲ್ಲುವವಳು, ಗೆದ್ದ ಮೇಲೂ ಸೌಜನ್ಯ ಬಿಡದವಳು. ಆದರೆ ಇಸ್ಪೀಟಿನ ದೃಶ್ಯದ ಕತ್ತಲು ಕಲ್ಲಾಸ್ ಅವರಷ್ಟು ದಟ್ಟವಾಗಿ ಅಲ್ಲಿಲ್ಲ. ಇನ್ನು 1977ರ ಅಬ್ಬಾಡೊ ತಟ್ಟೆಯ ತೆರೇಸ ಬೆರ್ಗಾನ್ಸ ಅದೇ ವರ್ಷ ಎಡಿನ್‌ಬರೊ ಉತ್ಸವದಲ್ಲಿ ಪಾತ್ರವನ್ನು ರಂಗದ ಮೇಲೆ ಆಡಿ ಬಂದಿದ್ದರು. ಅವರ ಕಾರ್ಮೆನ್ ಬೀದಿಯ ಮೋಹಿನಿಯಲ್ಲ. ತನ್ನ ಮಾತಿಗೆ ತಾನು ಒಡತಿಯಾದ ಹೆಣ್ಣು. ಮಾತಿನ ಪಾಠವಿರುವುದರಿಂದ ಆ ಚಿತ್ರಕ್ಕೆ ಕಥೆಯ ಆಧಾರವೂ ದೊರೆತಿದೆ.

ಜೊತೆಗಾರರು

ನಾಯಕಿಯ ಹೆಸರಿನಲ್ಲೇ ತಟ್ಟೆ ಮಾರಾಟವಾದರೂ ಆಪೆರಾ ಒಬ್ಬರ ಕಛೇರಿಯಲ್ಲ. ಜೋಸೆ ಪಾತ್ರದ ನಿಕೊಲಾಯ್ ಗೆಡ್ಡ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದವರು, ಆದರೆ ಫ್ರೆಂಚ್ ಉಚ್ಚಾರದಲ್ಲಿ ನಿಷ್ಣಾತರು. ಬೀಚಮ್ ತಟ್ಟೆಯ ಜೋಸೆಯೂ ಅವರೇ ಆದ್ದರಿಂದ ತುಲನೆ ಸುಲಭ. ಹೂವಿನ ಹಾಡು ಈ ಪಾತ್ರದ ಒರೆಗಲ್ಲು. ಅದರ ಕೊನೆಯ ಏರುಸ್ವರವನ್ನು ಅತಿ ಮೆಲ್ಲಗೆ ಹಾಡಬೇಕೆಂದು ಬಿಜೆ ಸ್ವರಲಿಪಿಯಲ್ಲಿ ಬರೆದಿದ್ದಾರೆ. ಚಪ್ಪಾಳೆಯ ಆಸೆಗೆ ಗಟ್ಟಿಯಾಗಿ ಕೂಗುವ ಟೆನರ್ ಗಾಯಕರೇ ಹೆಚ್ಚು. ಗೆಡ್ಡ ಅವರ ಗಾಯನದಲ್ಲಿ ನಯವಿದೆ, ಸಂಸ್ಕಾರವಿದೆ. ಕೊನೆಯ ದೃಶ್ಯದಲ್ಲಿ ಕಲ್ಲಾಸ್ ಎದುರು ನಿಂತಾಗ ಮಾತ್ರ ಇಷ್ಟು ನಯವಂತನ ಕೈಗೆ ಚೂರಿ ಬಂದದ್ದು ಹೇಗೆ ಎಂಬ ಅನುಮಾನ ಸುಳಿಯುತ್ತದೆ. ಕತ್ತರಿಸಿದ ಆ ಪೂರ್ವಕಥೆ ಇದ್ದಿದ್ದರೆ ಈ ಅನುಮಾನ ಬರುತ್ತಿರಲಿಲ್ಲ.

ಎಸ್ಕಮಿಯೊ ಪಾತ್ರದ ರೋಬೆರ್ ಮಸ್ಸಾರ್, ಮುಗ್ಧ ಹಳ್ಳಿಹುಡುಗಿ ಮಿಕಯೇಲ ಪಾತ್ರದ ಆಂದ್ರೆಯ ಗಿಯೊ ಇಬ್ಬರೂ ಫ್ರೆಂಚರು. ಮಾತೃಭಾಷೆಯಲ್ಲಿ ಹಾಡುವವರ ಸಲೀಸು ಅವರಲ್ಲಿದೆ. ಎಸ್ಕಮಿಯೊನ ಹಾಡು ಜನಪ್ರಿಯವಾದಷ್ಟೇ ಕಷ್ಟದ್ದು. ಒಮ್ಮೆ ತಗ್ಗಿಗೆ, ಒಮ್ಮೆ ಎತ್ತರಕ್ಕೆ ಎಳೆದಾಡುತ್ತದೆ. ಮಸ್ಸಾರ್ ಅದನ್ನು ಕಿರುಚದೆ ನಿಭಾಯಿಸುತ್ತಾರೆ. ಪ್ಯಾರಿಸ್ ಆಪೆರಾದ ವಾದ್ಯವೃಂದದ ನಾದವೂ ಗಮನಾರ್ಹ. ಅಂದಿನ ಫ್ರೆಂಚ್ ಊದುವಾದ್ಯಗಳಿಗೆ ತೆಳುವಾದ, ತುಸು ಕಂಪಿಸುವ, ಅಲ್ಲಿಯದೇ ಆದ ಬಣ್ಣವಿತ್ತು. ಜಗತ್ತಿನ ವಾದ್ಯವೃಂದಗಳೆಲ್ಲ ಒಂದೇ ಬಗೆಯ ನಾದಕ್ಕೆ ಹೊರಳಿಕೊಂಡಿರುವ ಇಂದು ಆ ಬಣ್ಣ ಅಪರೂಪ. ಪ್ರೆತ್ರ್ ಅವರ ನಿರ್ದೇಶನ ಚುರುಕು. ಕೆಲವೊಮ್ಮೆ ಚುರುಕಿನ ಭರದಲ್ಲಿ ಒರಟು. ಬೀಚಮ್ ಸವಿದು ನಿಲ್ಲುವ ಕಡೆ ಇವರು ದಾಟಿಕೊಂಡು ಹೋಗುತ್ತಾರೆ.

ತೀರ್ಪು

ಇಷ್ಟನ್ನೂ ತೂಗಿದ ಮೇಲೆ ಏನು ಹೇಳಬಹುದು? ‘ಕಾರ್ಮೆನ್’ ಕೃತಿಯನ್ನು ಮೊದಲ ಬಾರಿ ಕೇಳುವವರಿಗೆ ಇದು ಸರಿಯಾದ ತಟ್ಟೆಯಲ್ಲ. ಅವರು ಮಾತು ಉಳಿಸಿಕೊಂಡಿರುವ ಒಂದನ್ನು, ಉದಾಹರಣೆಗೆ ಅಬ್ಬಾಡೊ ಅವರದನ್ನು, ಮೊದಲು ಕೇಳುವುದು ಮೇಲು. ಕೃತಿಯ ಕಳೆ, ನಗು, ಲಾಲಿತ್ಯ ಬೇಕೆಂದರೆ ಬೀಚಮ್ ಇದ್ದಾರೆ. ಆದರೆ ಈ ಎರಡನ್ನು ಕೇಳಿದವರು ಮೂರನೆಯದಾಗಿ ಕಲ್ಲಾಸ್ ಅವರನ್ನು ಕೇಳಬೇಕು. ಇಸ್ಪೀಟಿನ ದೃಶ್ಯಕ್ಕೆ ಬಂದಾಗ ಉಳಿದೆರಡನ್ನು ಮತ್ತೊಮ್ಮೆ ಹೊಸದಾಗಿ ಕೇಳಬೇಕಾಗುತ್ತದೆ.

ರಂಗದ ಮೇಲೆ ಆಡದ ಪಾತ್ರ ಸುಳ್ಳೇ ಎಂಬ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಸ್ಟುಡಿಯೋ ಅಪಸ್ವರವನ್ನು ಅಳಿಸಬಲ್ಲದು, ಉಸಿರು ಹಿಡಿಯಲು ಬಿಡುವು ಕೊಡಬಲ್ಲದು, ದೂರವನ್ನು ಹತ್ತಿರ ತರಬಲ್ಲದು. ಪಾತ್ರದ ತಿಳಿವನ್ನು ಅದು ತಯಾರಿಸಿ ಕೊಡಲಾರದು. ಮೇಲಿನ ಸ್ವರಗಳಲ್ಲಿ ಓಲಾಡುವ ಕಂಠವನ್ನು ಈ ತಟ್ಟೆ ಪೂರ್ತಿ ಮರೆಮಾಚಿಲ್ಲ. 2014ರಲ್ಲಿ ವಾರ್ನರ್ ಕಂಪನಿ ಕಲ್ಲಾಸ್ ಅವರ ಸ್ಟುಡಿಯೋ ಮುದ್ರಣಗಳನ್ನೆಲ್ಲ ಶುದ್ಧೀಕರಿಸಿ ಮತ್ತೆ ಹೊರತಂದಾಗ, ಗುಣಗಳ ಜೊತೆಗೆ ಆ ಓಲಾಟವೂ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಕಲ್ಲಾಸ್ 1977ರಲ್ಲಿ ತೀರಿಕೊಂಡರು. ಅವರ ಕಾರ್ಮೆನ್‌ಗೆ ಸಾಕ್ಷಿಯಾಗಿ ನಿಂತ ಪ್ರೇಕ್ಷಕ ಯಾರೂ ಇಲ್ಲ. ಆದ್ದರಿಂದ ಅದರ ವಿಚಾರಣೆ, ತಟ್ಟೆಯನ್ನು ಮತ್ತೆ ತಿರುಗಿಸುವ ಪ್ರತಿಯೊಬ್ಬ ಕೇಳುಗನ ಮುಂದೆಯೂ ಹೊಸದಾಗಿ ನಡೆಯಬೇಕಾಗಿದೆ.